ಓದುಗರ ಪ್ರಶ್ನೆ, ಸಂಪಾದಕರ ಉತ್ತರ: ಪತ್ರಿಕೆಗೊಂದು ಪಕ್ಷ

ಪತ್ರಿಕೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಭಾರತೀಯ ಪತ್ರಿಕಾ ಮಂಡಳಿಯ ಬಗ್ಗೆ ಒಬ್ಬರು ಕೇಳಿದ್ದ ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಡಳಿಯನ್ನು ಪಕ್ಕಕ್ಕಿಟ್ಟು ಸುದ್ದಿಮಾಧ್ಯಮಗಳ ರಾಜಕೀಯ ಪಕ್ಷಪಾತವನ್ನೇ ಹಿಡಿದುಕೊಂಡಿವೆ. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಕೆಲವರು ಕೋರಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮ್ಮೂರಿನಲ್ಲಿ ನಡೆದ ಒಂದು ಪಕ್ಷದ ಸಮಾವೇಶಕ್ಕೆ ನಾನೇ ಹೋಗಿದ್ದೆ. ಮರುದಿನ ಒಂದು ಪತ್ರಿಕೆ ‘ಹರಿದು ಬಂದ ಜನಸಾಗರ’ ಎಂದು ಬರೆದರೆ ಇನ್ನೊಂದು ‘ಖಾಲಿ ಕುರ್ಚಿಗಳ ದರ್ಶನ’ ಎಂದು ಬರೆಯಿತು. ಎರಡರಲ್ಲಿಯೂ ಫೋಟೊ ಇತ್ತು, ಎರಡೂ ಫೋಟೊ ನಿಜವಾದವೇ. ಯಾವುದನ್ನು ನಂಬಬೇಕು?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ತಾವು ಅಲ್ಲಿದ್ದಿರಿ, ಆದ್ದರಿಂದ ತಮ್ಮ ಕಣ್ಣನ್ನೇ ನಂಬಿ. ಸಮಾವೇಶಕ್ಕೆ ಹೋಗದ ಉಳಿದವರ ಪಾಡೇ ಇಲ್ಲಿರುವ ತೊಡಕು. ಹನ್ನೊಂದು ಗಂಟೆಗೆ ನಿಗದಿಯಾದ ಸಭೆಗೆ ನಾಯಕರು ಒಂದೂವರೆಗೆ ಬರುವುದು ನಮ್ಮಲ್ಲಿ ವಾಡಿಕೆ. ಅಲ್ಲಿಯವರೆಗೆ ಜನ ಮರದ ನೆರಳಿನಲ್ಲೋ ಊಟದ ಸಾಲಿನಲ್ಲೋ ಇರುತ್ತಾರೆ. ಹನ್ನೊಂದೂವರೆಗೆ ಕ್ಯಾಮೆರಾ ಎತ್ತಿದವನಿಗೆ ಖಾಲಿ ಕುರ್ಚಿ ಸಿಗುತ್ತದೆ, ಎರಡು ಗಂಟೆಗೆ ವೇದಿಕೆಯ ಮೇಲಿಂದ ತೆಗೆದವನಿಗೆ ಜನಸಾಗರ ಸಿಗುತ್ತದೆ. ಎರಡು ಚಿತ್ರಗಳ ಅಡಿಯಲ್ಲಿಯೂ ‘ಇಷ್ಟು ಗಂಟೆಗೆ ತೆಗೆದದ್ದು’ ಎಂಬ ಒಂದು ಸಾಲು ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ.

ಪಕ್ಷಪಾತವೆಂದರೆ ಸುಳ್ಳು ಹೇಳುವುದು ಎಂದು ನಾವು ತಿಳಿದಿದ್ದೇವೆ. ಸುಳ್ಳು ಸಿಕ್ಕಿಬೀಳುತ್ತದೆ, ಅದಕ್ಕೆ ಸ್ಪಷ್ಟನೆ ಹಾಕಬೇಕಾಗುತ್ತದೆ, ಆದ್ದರಿಂದ ಪಳಗಿದವರು ಅದರ ತಂಟೆಗೆ ಹೋಗುವುದಿಲ್ಲ. ಯಾವ ಸುದ್ದಿಯನ್ನು ಆರಿಸಿಕೊಳ್ಳಬೇಕು, ಯಾವುದನ್ನು ಒಳಪುಟದ ಮೂಲೆಗೆ ತಳ್ಳಬೇಕು, ಯಾವುದನ್ನು ಹಾಕಲೇಬಾರದು ಎಂಬುದರಲ್ಲಿಯೇ ಅವರ ಕೈಚಳಕ ಇರುತ್ತದೆ. ಆಮೇಲೆ ಬರುವುದು ಕ್ರಿಯಾಪದ. ಒಬ್ಬ ನಾಯಕರು ‘ಹೇಳಿದರು’, ಇನ್ನೊಬ್ಬರು ‘ಕಿಡಿಕಾರಿದರು’. ಒಬ್ಬರು ‘ಸ್ಪಷ್ಟಪಡಿಸಿದರು’, ಇನ್ನೊಬ್ಬರು ‘ಸಮರ್ಥಿಸಿಕೊಂಡರು’. ಒಬ್ಬರು ಪ್ರಶ್ನೆಗೆ ಉತ್ತರಿಸಲಿಲ್ಲ, ಇನ್ನೊಬ್ಬರು ‘ಜಾರಿಕೊಂಡರು’. ಒಂದು ಸರ್ಕಾರದ ಕಾಲದಲ್ಲಿ ‘ಪ್ರಕರಣ’ವಾಗಿದ್ದದ್ದು ಮತ್ತೊಂದು ಸರ್ಕಾರದ ಕಾಲಕ್ಕೆ ‘ಹಗರಣ’ವಾಗುತ್ತದೆ. ಕನ್ನಡ ಪತ್ರಿಕೋದ್ಯಮಕ್ಕೇ ವಿಶೇಷವಾದ ‘ಎನ್ನಲಾಗಿದೆ’ ಎಂಬ ಪದವನ್ನೂ ಸೇರಿಸಿಕೊಳ್ಳಿ. ಯಾರು ಅಂದರು, ಯಾರ ಮುಂದೆ ಅಂದರು, ವರದಿಗಾರ ಕೇಳಿಸಿಕೊಂಡನೇ ಎಂಬ ಮೂರು ಪ್ರಶ್ನೆಗಳಿಂದಲೂ ಆ ಒಂದು ಪದ ಬರೆದವನನ್ನು ಪಾರುಮಾಡುತ್ತದೆ. ನಾನೂ ವರದಿಗಳನ್ನು ತಿದ್ದುವ ಡೆಸ್ಕಿನಲ್ಲಿ ಕೂತು ನೂರಾರು ‘ಎನ್ನಲಾಗಿದೆ’ಗಳನ್ನು ಹಾಗೆಯೇ ದಾಟಿಸಿದವನು, ಹೀಗಾಗಿ ಬೇರೆಯವರಿಗೆ ಉಪದೇಶ ಮಾಡುವ ಸ್ಥಾನದಲ್ಲಿಲ್ಲ.

ಯಾವುದನ್ನು ನಂಬಬೇಕು ಎಂಬುದಕ್ಕೆ ನನ್ನ ಬಳಿ ಒಂದೇ ಒಂದು ಪರೀಕ್ಷೆ ಇದೆ. ತಾವು ತರಿಸುವ ಪತ್ರಿಕೆಗೆ ಯಾವ ಪಕ್ಷದ ಮೇಲೆ ಒಲವಿದೆ ಎಂಬುದು ವರ್ಷಗಳಿಂದ ಓದುತ್ತಿರುವ ತಮಗೆ ಗೊತ್ತೇ ಇರುತ್ತದೆ. ಆ ಪಕ್ಷಕ್ಕೆ ನೋವಾಗುವಂಥ ಸುದ್ದಿಯೊಂದು ಬಂದಾಗ ಅದು ಎಷ್ಟನೇ ಪುಟದಲ್ಲಿ ಬಂತು, ಎಷ್ಟು ದಿನ ಬಂತು, ಆರೋಪ ಮಾಡಿದವರ ಮಾತು ಅದರಲ್ಲಿತ್ತೇ ಎಂಬುದನ್ನು ಒಂದು ತಿಂಗಳು ಗಮನಿಸಿ. ತನಗೆ ಬೇಡವಾದ ಸುದ್ದಿಯನ್ನೂ ಮುಖಪುಟದಲ್ಲಿ ಹಾಕುವ ಪತ್ರಿಕೆಗೆ ಯಾವ ಒಲವಿದ್ದರೂ ಅದನ್ನು ಧೈರ್ಯವಾಗಿ ಓದಬಹುದು.

ಪ್ರಶ್ನೆ: ಹಿಂದಿನ ಕಾಲದ ಪತ್ರಿಕೆಗಳು ನಿಷ್ಪಕ್ಷಪಾತವಾಗಿದ್ದವು, ಈಗ ಎಲ್ಲವೂ ಕೆಟ್ಟುಹೋಗಿದೆ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಹೌದೇ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ತಮ್ಮ ತಂದೆಯವರ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಕೆಟ್ಟಿರುವುದು ನಿಜ, ಆದರೆ ಹಿಂದೆ ಪತ್ರಿಕೆಗಳಿಗೆ ಪಕ್ಷವಿರಲಿಲ್ಲ ಎಂಬುದು ನಿಜವಲ್ಲ. ತಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ ಆಮೇಲೆ ಹುಬ್ಬಳ್ಳಿಗೆ ಬಂದ ‘ಸಂಯುಕ್ತ ಕರ್ನಾಟಕ’ ತನ್ನ ನಿಲುವನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿತ್ತು. ಕನ್ನಡನಾಡು ಒಂದಾಗಬೇಕು, ಬ್ರಿಟಿಷರು ಹೋಗಬೇಕು ಎಂಬುದು ಅದರ ಪಕ್ಷ. ಅದನ್ನು ಕೊಂಡುಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದಿತ್ತು. ಅದಕ್ಕೂ ಹಿಂದೆ, 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳ ಬಾಯಿ ಕಟ್ಟುವ ಕಾಯಿದೆ ಬಂತು. ಆ ಕಾಯಿದೆಯ ಅಡಿಯಲ್ಲಿ ಪತ್ರಿಕೆ ನಡೆಸಲು ಒಪ್ಪದೆ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿದರು. ಅವರೂ ಮಧ್ಯಸ್ಥರಲ್ಲ, ಅವರು ಪ್ರಜೆಗಳ ಪಕ್ಷ.

ಸ್ವಾತಂತ್ರ್ಯಾನಂತರದ ದೊಡ್ಡ ಪರೀಕ್ಷೆ 1975ರ ತುರ್ತು ಪರಿಸ್ಥಿತಿಯದು. ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು; ಬಹಳಷ್ಟು ಪತ್ರಿಕೆಗಳು ಸೆನ್ಸಾರ್ ಅಧಿಕಾರಿಗಳು ಹೇಳಿದಂತೆ ಕೇಳಿದವು. ಆ ದಿನಗಳಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದ ಎಲ್. ಕೆ. ಅಡ್ವಾಣಿಯವರು ಮುಂದೆ ವಾರ್ತಾ ಸಚಿವರಾದರು. ಬಾಗಲು ಹೇಳಿದರೆ ತೆವಳಿದಿರಿ ಎಂದು ಅವರು ಪತ್ರಕರ್ತರನ್ನು ಹಂಗಿಸಿದ್ದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಇನ್ನು 1980ರಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ತೆಗೆದುಕೊಳ್ಳದೆ, ಮಾರಾಟದ ಹಣದಿಂದಲೇ ಬದುಕಿ, ಗುಂಡೂರಾವ್ ಸರ್ಕಾರದ ಮೇಲೆ ವಾರವಾರವೂ ಹರಿಹಾಯ್ದದ್ದನ್ನು ತಮ್ಮ ತಂದೆಯವರು ಮರೆತಿರಲಾರರು. ಅದನ್ನು ನಿಷ್ಪಕ್ಷಪಾತ ಎಂದು ಅದರ ಸಂಪಾದಕರೂ ಕರೆಯುತ್ತಿರಲಿಲ್ಲವೇನೋ.

ಆಗ ಪಕ್ಷ ಬಯಲಿನಲ್ಲಿತ್ತು. ಈಗ ಅದು ‘ನೇರ, ದಿಟ್ಟ, ನಿಷ್ಪಕ್ಷಪಾತ’ ಎಂಬ ಬೋರ್ಡಿನ ಹಿಂದೆ ಕೂತಿದೆ, ಮತ್ತು ಅದರ ಖರ್ಚನ್ನು ಕೊಡುವವನು ಓದುಗನಲ್ಲ. ತಾವು ಪತ್ರಿಕೆಗೆ ಕೊಡುವ ಕೆಲವು ರೂಪಾಯಿ ಅದರ ಕಾಗದದ ವೆಚ್ಚಕ್ಕೂ ಸಾಲುವುದಿಲ್ಲ. ಉಳಿದದ್ದನ್ನು ತುಂಬುವ ದೊಡ್ಡ ಜಾಹೀರಾತುದಾರರಲ್ಲಿ ಸರ್ಕಾರವೂ ಒಂದು.

ಪ್ರಶ್ನೆ: ಚುನಾವಣೆಯ ಸಮಯದಲ್ಲಿ ಅಭ್ಯರ್ಥಿಯನ್ನು ಹೊಗಳುವ ವರದಿಗಳು ಎಲ್ಲ ಪತ್ರಿಕೆಗಳಲ್ಲಿ ಒಂದೇ ರೀತಿ ಇರುತ್ತವಲ್ಲ, ಅದು ಸುದ್ದಿಯೋ ಜಾಹೀರಾತೋ?
– ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ವಾಕ್ಯಗಳೂ ಒಂದೇ ಆಗಿದ್ದರೆ ಅದು ಬಹುಪಾಲು ಹಣ ಕೊಟ್ಟು ಹಾಕಿಸಿದ್ದು ಅಥವಾ ಅಭ್ಯರ್ಥಿಯ ಕಚೇರಿಯಿಂದಲೇ ಬರೆದು ಕಳಿಸಿದ್ದು. ಒಳಗಿನವರು ಇದನ್ನು ‘ಪ್ಯಾಕೇಜ್’ ಎನ್ನುತ್ತಾರೆ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಒಂದಕ್ಕೊಂದು ಎದುರಾಳಿಗಳಾದ ಪತ್ರಿಕೆಗಳಲ್ಲಿ ಒಂದೇ ಬರಹ ಅಕ್ಷರಶಃ ಪ್ರಕಟವಾಗಿದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಅವರು ಬೆಳಕಿಗೆ ತಂದರು. ಆ ಗದ್ದಲದ ನಂತರ ಪತ್ರಿಕಾ ಮಂಡಳಿಯು ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರ ಉಪಸಮಿತಿಯಿಂದ ವರದಿ ಬರೆಸಿತು. ಅದರಲ್ಲಿ ಪತ್ರಿಕೆಗಳ ಹೆಸರುಗಳಿದ್ದವು. ಆದರೆ 2010ರಲ್ಲಿ ಮಂಡಳಿ ಹೊರಗೆ ಬಿಟ್ಟದ್ದು ಆ ಹೆಸರುಗಳಿಲ್ಲದ, ಮೊಟಕುಗೊಳಿಸಿದ ಪ್ರತಿಯನ್ನು. ಪೂರ್ಣ ವರದಿಯನ್ನು ಬಹಿರಂಗಪಡಿಸಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಆದೇಶಿಸಬೇಕಾಯಿತು. ಬೇಲಿಯ ಕಥೆಯನ್ನು ಇಲ್ಲಿ ಬೇರೆ ಹೇಳಬೇಕಿಲ್ಲ.

ಅದೇ 2011ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗವು ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಮೂರು ವರ್ಷಗಳ ಮಟ್ಟಿಗೆ ಅನರ್ಹಗೊಳಿಸಿತು. ಪತ್ರಿಕೆಗಳಲ್ಲಿ ಸುದ್ದಿಯ ವೇಷದಲ್ಲಿ ಬಂದ ಪ್ರಚಾರದ ವೆಚ್ಚವನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕಾಸಿಗಾಗಿ ಸುದ್ದಿ ಎಂಬುದೇ ನಮ್ಮ ಚುನಾವಣಾ ಕಾನೂನಿನಲ್ಲಿ ಅಪರಾಧವಲ್ಲ, ವೆಚ್ಚವನ್ನು ಮುಚ್ಚಿಟ್ಟದ್ದು ತಪ್ಪು. ಹೀಗಾಗಿ ಕೊಂಡವರು ಸಿಕ್ಕಿಬೀಳುತ್ತಾರೆ, ಮಾರಿದವರು ಮುಂದಿನ ಚುನಾವಣೆಗೆ ದರಪಟ್ಟಿ ತಯಾರಿಸುತ್ತಾರೆ. ಪ್ರತಿ ಜಿಲ್ಲೆಯಲ್ಲಿಯೂ ಚುನಾವಣೆಯ ವೇಳೆ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ ಇರುತ್ತದೆ. ತಾವು ಕಂಡ ಬರಹಗಳನ್ನು ಕತ್ತರಿಸಿ, ಅಕ್ಕಪಕ್ಕ ಅಂಟಿಸಿ, ದಿನಾಂಕ ಬರೆದು ಆ ಸಮಿತಿಗೆ ಕೊಡಿ.

ಪ್ರಶ್ನೆ: ನಾನು ಪತ್ರಿಕೋದ್ಯಮದ ಸ್ನಾತಕೋತ್ತರ ವಿದ್ಯಾರ್ಥಿನಿ. ಮಾಲೀಕರೇ ರಾಜಕಾರಣಿಗಳಾಗಿರುವಾಗ, ಅಥವಾ ರಾಜಕಾರಣದ ಕೃಪೆ ಬೇಕಾದ ಉದ್ಯಮಿಗಳಾಗಿರುವಾಗ, ಕೆಲಸಕ್ಕೆ ಸೇರುವ ಹೊಸಬರು ಏನು ಮಾಡಲು ಸಾಧ್ಯ? ಪಾಠದಲ್ಲಿ ಹೇಳುವ ವಸ್ತುನಿಷ್ಠತೆ ಅಲ್ಲಿ ನಡೆಯುತ್ತದೆಯೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತಮ್ಮದು, ತಂಗಿ. ಮಾಲೀಕತ್ವದ ಮಾತು ಮೊದಲು. ತಮಿಳುನಾಡಿನಲ್ಲಿ ಯಾವ ವಾಹಿನಿ ಯಾವ ಪಕ್ಷದ ಕುಟುಂಬಕ್ಕೆ ಹತ್ತಿರ ಎಂಬುದು ಮಕ್ಕಳಿಗೂ ಗೊತ್ತು. ಕೇರಳದ ‘ದೇಶಾಭಿಮಾನಿ’ ಸಿಪಿಎಂ ಪಕ್ಷದ್ದೇ ಪತ್ರಿಕೆ. ಆಂಧ್ರದ ‘ಸಾಕ್ಷಿ’ ಜಗನ್‌ಮೋಹನ್ ರೆಡ್ಡಿಯವರ ಕುಟುಂಬದ್ದು. ನಮ್ಮಲ್ಲಿ 1999ರಲ್ಲಿ ‘ವಿಜಯ ಕರ್ನಾಟಕ’ ಆರಂಭಿಸಿದ ವಿಜಯ ಸಂಕೇಶ್ವರರು ಆಗ ಲೋಕಸಭಾ ಸದಸ್ಯರಾಗಿದ್ದರು, ಮುಂದೆ 2006ರಲ್ಲಿ ಆ ಪತ್ರಿಕೆ ಟೈಮ್ಸ್ ಸಮೂಹದ ಕೈಸೇರಿತು. ‘ಕಸ್ತೂರಿ’ ವಾಹಿನಿ ಎಚ್. ಡಿ. ಕುಮಾರಸ್ವಾಮಿಯವರ ಕುಟುಂಬದ ನಂಟಿನದು. ಇವೆಲ್ಲ ಬಹಿರಂಗ ಸಂಗತಿಗಳು. ಮಾಲೀಕರು ರಾಜಕಾರಣಿಗಳಾದ ಮಾತ್ರಕ್ಕೆ ಅಲ್ಲಿ ಬಂದ ಪ್ರತಿ ವರದಿಯೂ ಕಲುಷಿತ ಎಂದು ತೀರ್ಮಾನಿಸಿದರೆ ಅದೂ ಒಂದು ಪಕ್ಷಪಾತವೇ. ಅಂಥ ಸಂಸ್ಥೆಗಳಲ್ಲಿಯೂ ಒಳ್ಳೆಯ ವರದಿಗಾರರನ್ನು ನಾನು ಕಂಡಿದ್ದೇನೆ.

ಮಾಲೀಕರ ಹೆಸರಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ತಾಲ್ಲೂಕು ಮಟ್ಟದ ವ್ಯವಸ್ಥೆ. ಅಲ್ಲಿ ಸುದ್ದಿ ಕಳಿಸುವ ಸ್ಟ್ರಿಂಗರ್‌ಗೆ ಅನೇಕ ಕಡೆ ಸಂಬಳವಿಲ್ಲ, ಪ್ರಕಟವಾದ ಸುದ್ದಿಗೆ ಚಿಲ್ಲರೆ ಗೌರವಧನ ಮತ್ತು ತಂದುಕೊಟ್ಟ ಜಾಹೀರಾತಿಗೆ ಕಮಿಷನ್. ಶಾಸಕರ ಹುಟ್ಟುಹಬ್ಬದ ಪುರವಣಿಗೆ ಶಾಸಕರ ಬೆಂಬಲಿಗರಿಂದಲೇ ಜಾಹೀರಾತು ಸಂಗ್ರಹಿಸಬೇಕಾದ ವ್ಯಕ್ತಿಯೇ ಮರುವಾರ ಆ ಶಾಸಕರ ರಸ್ತೆ ಕಾಮಗಾರಿ ಕಿತ್ತುಹೋದದ್ದನ್ನು ಬರೆಯಬೇಕು. ಬರೆಯದಿದ್ದಾಗ ‘ಮಾರಿಕೊಂಡ’ ಎನ್ನುತ್ತೇವೆ, ಬರೆದು ಹಣ ಕೇಳಿದಾಗ ‘ರೋಲ್‌ಕಾಲ್’ ಎನ್ನುತ್ತೇವೆ. ಅವನನ್ನು ಆ ಇಕ್ಕಟ್ಟಿನಲ್ಲಿ ನಿಲ್ಲಿಸಿದ ಸಂಸ್ಥೆಯನ್ನು ಯಾರೂ ಏನೂ ಅನ್ನುವುದಿಲ್ಲ.

ನನ್ನ ಸ್ವಂತದ ಒಂದು ಪ್ರಸಂಗ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಜಿಲ್ಲಾ ವರದಿಗಾರನಾಗಿದ್ದಾಗ ಒಂದು ಸಹಕಾರ ಸಂಘದ ಸಾಲ ಹಂಚಿಕೆಯಲ್ಲಿ ನಡೆದ ಅವ್ಯವಹಾರದ ಬಗ್ಗೆ ದಾಖಲೆಗಳ ಸಮೇತ ವರದಿ ಕಳಿಸಿದೆ. ಮೂರು ದಿನ ಅದು ಬರಲಿಲ್ಲ. ನಾಲ್ಕನೆಯ ದಿನ ಸಂಘದ ಅಧ್ಯಕ್ಷರ ಸ್ಪಷ್ಟನೆ ಬಂತು! ಆರೋಪ ಏನೆಂದೇ ತಿಳಿಯದ ಓದುಗರು ಬೆಳಿಗ್ಗೆ ಎದ್ದು ‘ಆರೋಪ ನಿರಾಧಾರ’ ಎಂಬುದನ್ನು ಓದಿದರು. ಸಂಪಾದಕರನ್ನು ನಾನು ಕೇಳಲಿಲ್ಲ. ಮಗಳ ಶಾಲೆಯ ಶುಲ್ಕ ಕಟ್ಟುವ ತಿಂಗಳು ಅದು.

ಹಾಗಾದರೆ ತಾವೇನು ಮಾಡಬಹುದು? ನಿಮ್ಮ ವರದಿಯನ್ನು ಹಾಕಬೇಕೋ ಬೇಡವೋ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ಆದರೆ ನಿಮ್ಮ ವರದಿ ಹೇಗಿರಬೇಕು ಎಂಬುದು ಇರುತ್ತದೆ. ಆರೋಪಕ್ಕೆ ಒಳಗಾದವರಿಗೆ ಫೋನ್ ಮಾಡಿ, ಎಷ್ಟು ಗಂಟೆಗೆ ಮಾಡಿದಿರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಇಷ್ಟವಾದ ನಾಯಕರ ಪತ್ರಿಕಾಗೋಷ್ಠಿಯಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳದೆ ಎದ್ದು ಬರಬೇಡಿ. ಡೆಸ್ಕಿನವರು ಅರ್ಥವೇ ತಿರುಗುವಂತೆ ತಿದ್ದಿದರೆ ಬೈಲೈನ್ ಬೇಡವೆಂದು ಹೇಳಿ. ಹೆಸರು ತೆಗೆಸುವ ಹಕ್ಕನ್ನು ಯಾವ ಸಂಪಾದಕರೂ ನಿರಾಕರಿಸಿದ್ದನ್ನು ನಾನು ನೋಡಿಲ್ಲ. ಉಡುಗೊರೆಯ ವಿಷಯದಲ್ಲಿ ಮಾತ್ರ ಯಾವ ಸಡಿಲಿಕೆಯೂ ಬೇಡ. 2022ರ ದೀಪಾವಳಿಯಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ಹೋದ ಸಿಹಿತಿಂಡಿ ಪೆಟ್ಟಿಗೆಗಳಲ್ಲಿ ಕೆಲವು ಪತ್ರಕರ್ತರಿಗೆ ನಗದೂ ಇತ್ತೆಂಬ ಆರೋಪ ಬಂದು, ಲೋಕಾಯುಕ್ತಕ್ಕೆ ದೂರು ಹೋಗಿತ್ತು. ತಾವು ಹಾಗೆ ಕೊಡಲು ಯಾರಿಗೂ ಹೇಳಿಲ್ಲವೆಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನಿರಾಕರಿಸಿದರು. ಹಣವನ್ನು ಹಿಂದಿರುಗಿಸಿದ ಪತ್ರಕರ್ತರೂ ಇದ್ದರೆಂಬ ವರದಿಯನ್ನು ಓದಿದಾಗ ನನಗೆ ಸಮಾಧಾನವಾಯಿತು.

ವಸ್ತುನಿಷ್ಠತೆ ಎಂದರೆ ಎರಡು ಪಕ್ಷಗಳ ನಡುವೆ ತಕ್ಕಡಿ ಹಿಡಿದು ನಿಲ್ಲುವುದಲ್ಲ. ಒಬ್ಬರು ಮಳೆ ಬರುತ್ತಿದೆ ಎಂದು, ಇನ್ನೊಬ್ಬರು ಬರುತ್ತಿಲ್ಲ ಎಂದು ಹೇಳಿದರೆ ಇಬ್ಬರ ಮಾತನ್ನೂ ಸಮನಾಗಿ ಬರೆಯುವುದು ಪತ್ರಕರ್ತೆಯ ಕೆಲಸವಲ್ಲ, ಹೊರಗೆ ಹೋಗಿ ಕೈಚಾಚಿ ನೋಡುವುದು.

ಪ್ರಶ್ನೆ: ಪತ್ರಕರ್ತರು ಮತ ಹಾಕಬಹುದೇ? ಪಕ್ಷದ ಸದಸ್ಯರಾಗಬಹುದೇ?
– ಓದುಗರು, ವಿಜಯಪುರ

ಉತ್ತರ: ಮತ ಹಾಕಲೇಬೇಕು. ಸದಸ್ಯತ್ವ ಬೇಡ, ರಾಜಕೀಯ ವರದಿಗಾರಿಕೆ ಮಾಡುವವರಿಗಂತೂ ಕೂಡದು. ಇಂದು ಸಂಪಾದಕ, ನಾಳೆ ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರ, ನಾಡಿದ್ದು ಮತ್ತೆ ಅಂಕಣಕಾರ ಎಂಬ ಓಡಾಟ ಎಲ್ಲ ಪಕ್ಷಗಳ ಸರ್ಕಾರಗಳಲ್ಲಿಯೂ ನಡೆದಿದೆ. ಹಾಗೆ ಹೋಗಿಬಂದವರು ಅಂಕಣದ ಕೊನೆಯಲ್ಲಿ ಆ ಸಂಗತಿಯನ್ನು ಒಂದು ಸಾಲಿನಲ್ಲಿ ಹಾಕುವುದು ಕನಿಷ್ಠ ಮರ್ಯಾದೆ.

ಪ್ರಶ್ನೆ: ಅಮೆರಿಕದಲ್ಲಿ ಯಾವ ವಾಹಿನಿ ಯಾರ ಪರ ಎಂಬುದು ಎಲ್ಲರಿಗೂ ತಿಳಿದಿದೆ. ನಮ್ಮ ವಾಹಿನಿಗಳೂ ಹಾಗೆ ಘೋಷಿಸಿಕೊಂಡರೆ ಒಳ್ಳೆಯದಲ್ಲವೇ?
– ಕನ್ನಡಿಗರು, ನ್ಯೂಜೆರ್ಸಿ

ಉತ್ತರ: ಘೋಷಿಸಿಕೊಳ್ಳುವುದು ಒಳ್ಳೆಯದೇ, ಆದರೆ ಅಷ್ಟರಿಂದ ಕೆಲಸ ಮುಗಿಯುವುದಿಲ್ಲ. ತಾವಿರುವ ದೇಶದಲ್ಲಿ 1949ರಿಂದ 1987ರವರೆಗೆ ಪರವಾನಗಿ ಪಡೆದ ರೇಡಿಯೊ ಮತ್ತು ಟಿ.ವಿ. ಕೇಂದ್ರಗಳು ವಿವಾದದ ವಿಷಯದಲ್ಲಿ ಭಿನ್ನ ಅಭಿಪ್ರಾಯಗಳಿಗೂ ಜಾಗ ಕೊಡಬೇಕೆಂಬ ನಿಯಮವಿತ್ತು. ಅದು ಹೋದ ಮೇಲೆ ಒಂದೇ ಬಣದ ಮಾತಿನ ಕಾರ್ಯಕ್ರಮಗಳು ಹುಲುಸಾಗಿ ಬೆಳೆದವು. ಅದಕ್ಕಿಂತ ದೊಡ್ಡ ಪಾಠ ಇರುವುದು 2023ರ ಏಪ್ರಿಲ್‌ನ ಘಟನೆಯಲ್ಲಿ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊಮಿನಿಯನ್ ಕಂಪನಿಯ ಮತಯಂತ್ರಗಳು ಮೋಸ ಮಾಡಿದವೆಂಬ ಸುಳ್ಳನ್ನು ಪ್ರಸಾರ ಮಾಡಿದ್ದಕ್ಕಾಗಿ ಫಾಕ್ಸ್ ನ್ಯೂಸ್ ವಾಹಿನಿ ಮಾನನಷ್ಟ ಮೊಕದ್ದಮೆ ಎದುರಿಸಿ, ವಿಚಾರಣೆ ಶುರುವಾಗುವ ಹೊತ್ತಿಗೆ ಸುಮಾರು 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದರ ಆ್ಯಂಕರ್‌ಗಳು ತೆರೆಯ ಮೇಲೆ ಹೇಳಲು ಬಿಟ್ಟ ಮಾತನ್ನು ತಮ್ಮತಮ್ಮಲ್ಲಿ ನಂಬದೆ ಗೇಲಿ ಮಾಡಿದ್ದ ಸಂದೇಶಗಳು ನ್ಯಾಯಾಲಯದ ಕಡತಕ್ಕೆ ಬಂದಿದ್ದವು. ಒಂದು ಪಕ್ಷದ ಪರವಾಗಿದ್ದದ್ದಕ್ಕೆ ಆ ಹಣ ಕೊಡಬೇಕಾಗಿ ಬರಲಿಲ್ಲ. ಅಭಿಪ್ರಾಯಕ್ಕೆ ಅಲ್ಲಿ ದಂಡವಿಲ್ಲ, ತಥ್ಯವನ್ನು ತಿರುಚಿದ್ದಕ್ಕೆ ಬೆಲೆ ತೆರಬೇಕಾಯಿತು. ನಮ್ಮಲ್ಲಿ ಅಷ್ಟು ದೊಡ್ಡ ಬೆಲೆ ಯಾರೂ ತೆತ್ತಿಲ್ಲ.

ಪ್ರಶ್ನೆ: ಪಕ್ಷಪಾತದ ಸುದ್ದಿಯ ಬಗ್ಗೆ ದೂರು ಕೊಡುವುದು ಎಲ್ಲಿ? ಕೊಟ್ಟರೆ ಪ್ರಯೋಜನವಿದೆಯೇ?
– ವಕೀಲರು, ಬೆಂಗಳೂರು

ಉತ್ತರ: ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ, ಪ್ರತಿಯನ್ನು ಇಟ್ಟುಕೊಳ್ಳಿ. ಉತ್ತರ ತೃಪ್ತಿಕರವಲ್ಲದಿದ್ದರೆ ದೆಹಲಿಯ ಪತ್ರಿಕಾ ಮಂಡಳಿಗೆ ದೂರು ಸಲ್ಲಿಸಬಹುದು. ದಿನಪತ್ರಿಕೆ ಮತ್ತು ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಸಲ್ಲಿಸಬೇಕು. 1978ರ ಕಾಯಿದೆಯ ಪ್ರಕಾರ ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ವಾಹಿನಿಗಳಿಗೆ ಅವುಗಳೇ ಕಟ್ಟಿಕೊಂಡ ಸಂಘದ ಪ್ರಾಧಿಕಾರಗಳಿವೆ, ಅಲ್ಲಿಯೂ ಮೊದಲು ವಾಹಿನಿಗೇ ದೂರಬೇಕು ಮತ್ತು ಕಾಲಮಿತಿ ಬಹಳ ಕಡಿಮೆ. ಪ್ರಯೋಜನವೇ ಇಲ್ಲವೆನ್ನಲಾರೆ. ಕೋವಿಡ್ ಆರಂಭದ ದಿನಗಳಲ್ಲಿ ತಬ್ಲೀಗ್ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಕುರಿತು ಮಾಡಿದ ಪ್ರಸಾರಕ್ಕಾಗಿ 2021ರ ಜೂನ್‌ನಲ್ಲಿ ಎರಡು ಕನ್ನಡ ಸುದ್ದಿವಾಹಿನಿಗಳ ಮೇಲೆ ದಂಡ ಬಿತ್ತು. ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ ರೂಪಾಯಿ. ದೂರು ಕೊಟ್ಟವರು ಬೆಂಗಳೂರಿನ ನಾಗರಿಕರೇ. ದೂರು ಮತ್ತು ದಂಡದ ನಡುವೆ ವರ್ಷಕ್ಕೂ ಹೆಚ್ಚು ಕಾಲ ಹೋಯಿತು. ಆ ವೇಳೆಗೆ ಕಾರ್ಯಕ್ರಮ ಮಾಡುವ ಹಾನಿಯನ್ನೆಲ್ಲ ಮಾಡಿ ಮುಗಿಸಿತ್ತು. ವಕೀಲರಾದ ತಮಗೆ ತಡವಾದ ನ್ಯಾಯದ ಬಗ್ಗೆ ನಾನು ಹೇಳಬೇಕಾದದ್ದೇನೂ ಇಲ್ಲ.

ಪ್ರಶ್ನೆ: ತಮ್ಮ ಈ ಅಂಕಣವೂ ಪಕ್ಷಪಾತದ್ದೇ ಅಲ್ಲವೇ? ತಮಗೆ ಬೇಕಾದ ಪ್ರಶ್ನೆಗಳನ್ನೇ ಆರಿಸುತ್ತೀರಿ.
– ಓದುಗರು, ಚಾಮರಾಜನಗರ

ಉತ್ತರ: ಆರಿಸುತ್ತೇನೆ. ಈ ಸಲ ಬಿಟ್ಟ ಪತ್ರಗಳಲ್ಲಿ ಎರಡು ಬರೀ ಬೈಗುಳ. ಒಂದರಲ್ಲಿ ಹೆಸರಾಂತ ಆ್ಯಂಕರ್ ಒಬ್ಬರ ಮೇಲೆ ಆಧಾರವಿಲ್ಲದ ಆರೋಪವಿತ್ತು. ನಾಲ್ಕನೆಯದು, ನಮ್ಮ ಪತ್ರಿಕೆಗೆ ಸರ್ಕಾರಿ ಜಾಹೀರಾತು ಎಷ್ಟು ಬರುತ್ತದೆ ಎಂದು ಕೇಳಿದ ಪತ್ರ. ಅದನ್ನು ಬಿಟ್ಟಿಲ್ಲ, ವ್ಯವಸ್ಥಾಪಕರಿಂದ ಅಂಕಿಅಂಶ ಕೇಳಿದ್ದೇನೆ, ಇನ್ನೂ ಕೈಸೇರಿಲ್ಲ.

ತಿದ್ದುಪಡಿ: ಪತ್ರಿಕಾ ಮಂಡಳಿಯಲ್ಲಿ 20 ಸದಸ್ಯರಿದ್ದಾರೆ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದು ತಪ್ಪು. ಅಧ್ಯಕ್ಷರನ್ನು ಬಿಟ್ಟು 28 ಸದಸ್ಯ ಸ್ಥಾನಗಳಿವೆ. ಅವುಗಳಲ್ಲಿ 20 ಪತ್ರಿಕಾರಂಗದವರಿಗೆ, 5 ಸಂಸತ್ ಸದಸ್ಯರಿಗೆ, ಉಳಿದ 3 ಸಾಹಿತ್ಯ ಅಕಾಡೆಮಿ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮತ್ತು ವಕೀಲರ ಪರಿಷತ್ತು ನಾಮನಿರ್ದೇಶನ ಮಾಡುವವರಿಗೆ. ತಪ್ಪನ್ನು ತೋರಿಸಿಕೊಟ್ಟ ಗದಗಿನ ಓದುಗರಿಗೆ ಕೃತಜ್ಞತೆಗಳು.